ಹೆಸರಿಲ್ಲದ ಮಕ್ಕಳ ಮೇಳ, ಮರೆತುಹೋದ ಮೇಷ್ಟ್ರು: ಆಂಟೋನಿಯೊ ವಿವಾಲ್ಡಿ



ಕಳೆದ ಮಾಸಿಕ ಸಭೆ ಮುಗಿಯುವ ಹೊತ್ತಿಗೆ ನಮ್ಮ ಯುವ ಸದಸ್ಯರು ಪರದೆಯ ಮೇಲೆ ಒಂದು ಸಂಗೀತ ಕಚೇರಿಯ ವಿಡಿಯೊ ಹಾಕಿದ್ದು ಬಂದವರಿಗೆ ನೆನಪಿರಬಹುದು. ಇಟಲಿಯ ಒಂದು ಬರೋಕ್ ವಾದ್ಯವೃಂದ. ಇಪ್ಪತ್ತರೊಳಗಿನ ಜನ. ಹೆಚ್ಚಿನವರು ನಿಂತುಕೊಂಡೇ ಪಿಟೀಲು ನುಡಿಸುತ್ತಿದ್ದರು. ಮುಂದೆ ನಿಂತು ಕೋಲು ಆಡಿಸುವವರು ಯಾರೂ ಇರಲಿಲ್ಲ. ಆದರೂ ಒಬ್ಬರ ಕಣ್ಣು ಇನ್ನೊಬ್ಬರ ಮೇಲೆ, ಎಲ್ಲರ ಕಮಾನು ಒಂದೇ ಗಳಿಗೆಗೆ ತಂತಿಯ ಮೇಲೆ. ಗುಡುಗು ಮಳೆ ಮೈಮೇಲೆ ಬಿದ್ದ ಹಾಗಿತ್ತು. ಚಹಾಕ್ಕೆಂದು ಎದ್ದವರು ಲೋಟ ಹಿಡಿದುಕೊಂಡು ಅಲ್ಲೇ ನಿಂತುಬಿಟ್ಟರು.

ಮುಗಿದ ಮೇಲೆ ಹಿರಿಯ ಸದಸ್ಯರೊಬ್ಬರು ಇದನ್ನು ಕಟ್ಟಿದವರು ಯಾರು, ಯಾವ ಕಾಲದವರು ಎಂದು ಕೇಳಿದರು. ವಿವಾಲ್ಡಿ ಎಂಬ ಹೆಸರು ಬಿಟ್ಟು ಬೇರೇನೂ ನನ್ನ ಬಾಯಿಗೆ ಬರಲಿಲ್ಲ. ಹಾಗಾಗಿ ಈ ಸಲದ ಜೀವನ ಪರಿಚಯಕ್ಕೆ ಇವರನ್ನೇ ಎತ್ತಿಕೊಂಡೆ. ಸಂಗೀತದ ಶಾಸ್ತ್ರ ನನಗೆ ಗೊತ್ತಿಲ್ಲ. ಮೂವತ್ತು ಚಿಲ್ಲರೆ ವರ್ಷ ಗುಮಾಸ್ತನಾಗಿ ಕಡತ ನೋಡಿಕೊಂಡವನು. ಓದುತ್ತ ಹೋದಂತೆ ಇದು ಸಂಗೀತದ ಕಥೆ ಎಷ್ಟೋ, ಕಡತದ ಕಥೆಯೂ ಅಷ್ಟೇ ಎಂದು ತಿಳಿಯಿತು. ಅದಕ್ಕೇ ಧೈರ್ಯ ಮಾಡಿ ಬರೆಯುತ್ತಿದ್ದೇನೆ.

ಕ್ಷೌರಿಕರ ಮಗ, ಕೆಂಗೂದಲ ಪಾದ್ರಿ

ಆಂಟೋನಿಯೊ ವಿವಾಲ್ಡಿ ಹುಟ್ಟಿದ್ದು ವೆನಿಸ್ ನಗರದಲ್ಲಿ, 1678ರ ಮಾರ್ಚ್ 4ರಂದು. ವೆನಿಸ್ ಆಗ ಇಟಲಿಯ ಒಂದು ಊರಲ್ಲ, ತನ್ನದೇ ಆದ ಗಣರಾಜ್ಯ. ರಸ್ತೆಯ ಬದಲು ಕಾಲುವೆ, ಗಾಡಿಯ ಬದಲು ದೋಣಿ. ಮಗು ಉಳಿಯುವುದೋ ಇಲ್ಲವೋ ಎಂಬ ಭಯದಿಂದ ಸೂಲಗಿತ್ತಿಯೇ ಮನೆಯಲ್ಲಿ ಅಂದೇ ದೀಕ್ಷಾಸ್ನಾನ ಮಾಡಿಸಿದಳು. ಚರ್ಚಿನಲ್ಲಿ ವಿಧಿಪೂರ್ವಕವಾಗಿ ನಡೆದದ್ದು ಎರಡು ತಿಂಗಳ ನಂತರ, ಮೇ 6ರಂದು. ಚರ್ಚಿನ ದಾಖಲೆಯಲ್ಲಿ ಎರಡೂ ದಿನಾಂಕಗಳಿವೆ.

ತಂದೆ ಜಿಯೊವಾನಿ ಬಾಟಿಸ್ಟಾ ಬ್ರೆಶಾ ಊರಿನ ಮೂಲದವರು. ಮೊದಲು ಕ್ಷೌರಿಕ ವೃತ್ತಿ, ಆಮೇಲೆ ಪಿಟೀಲು. 1685ರಲ್ಲಿ ವೆನಿಸ್ಸಿನ ದೊಡ್ಡ ಚರ್ಚಾದ ಸಂತ ಮಾರ್ಕನ ಚರ್ಚಿನ ವಾದ್ಯಗಾರರ ಪಟ್ಟಿಯಲ್ಲಿ ಅವರ ಹೆಸರು ಸೇರಿತು. ಮಗನಿಗೆ ಮೊದಲ ಪಾಠ ತಂದೆಯಿಂದಲೇ. ತಂದೆ ಮಗ ಇಬ್ಬರಿಗೂ ಕೆಂಪು ಕೂದಲು. ಮುಂದೆ ಮಗನನ್ನು ಊರವರೆಲ್ಲ ಕೆಂಪು ಪಾದ್ರಿ ಎಂದೇ ಕರೆದರು.

ಪಾದ್ರಿಯಾಗುವ ದಾರಿಗೆ ಹಾಕಿದಾಗ ಹುಡುಗನಿಗೆ ಹದಿನೈದು ವರ್ಷ. ಬಡವರ ಮನೆಯ ಜಾಣ ಹುಡುಗರಿಗೆ ಅಂದು ಅದೊಂದು ಗಟ್ಟಿ ದಾರಿ. 1703ರ ಮಾರ್ಚಿನಲ್ಲಿ, ಇಪ್ಪತ್ತೈದನೆಯ ವಯಸ್ಸಿನಲ್ಲಿ, ಪಾದ್ರಿ ಪಟ್ಟ ಸಿಕ್ಕಿತು. ಆದರೆ ಹುಟ್ಟಿನಿಂದಲೇ ಎದೆಯ ತೊಂದರೆ. ಈಗಿನವರು ಅದನ್ನು ಆಸ್ತಮಾ ಇರಬೇಕೆಂದು ಊಹಿಸುತ್ತಾರೆ. ಪೂಜೆ ನಡೆಸುವುದನ್ನು ಕೆಲವೇ ವರ್ಷಗಳೊಳಗೆ ನಿಲ್ಲಿಸಿಬಿಟ್ಟರು. ಪೂಜೆ ಮಾಡಲು ಉಸಿರು ಸಾಲದವರಿಗೆ ಊರೂರು ತಿರುಗಿ ನಾಟಕ ಆಡಿಸಲು ಉಸಿರು ಎಲ್ಲಿಂದ ಬರುತ್ತದೆ ಎಂದು ಆಡಿಕೊಂಡವರೂ ಇದ್ದರು. ಈ ಮಾತು ಮುಂದೆ ಅವರಿಗೆ ತುಂಬ ದುಬಾರಿಯಾಯಿತು.

ಗೋಡೆಯ ಗೂಡಿನಲ್ಲಿ ಬಂದ ಮಕ್ಕಳು

ಅದೇ 1703ರ ಸೆಪ್ಟೆಂಬರಿನಲ್ಲಿ ವಿವಾಲ್ಡಿಯವರಿಗೆ ಕೆಲಸ ಸಿಕ್ಕಿತು. ಪಿಯೆತಾ ಎಂಬ ಅನಾಥಾಲಯದಲ್ಲಿ ಪಿಟೀಲು ಮೇಷ್ಟ್ರು. ವರ್ಷಕ್ಕೆ 60 ಡ್ಯೂಕಾಟ್ ಸಂಬಳ. ಮರುವರ್ಷ ಇನ್ನೊಂದು ತಂತಿವಾದ್ಯ ಕಲಿಸುವುದಕ್ಕೆಂದು 40 ಸೇರಿ 100 ಆಯಿತು.

ಪಿಯೆತಾ 1346ರಲ್ಲಿ ಶುರುವಾದ ಸಂಸ್ಥೆ. ತಂದೆತಾಯಿ ಸಾಕಲಾಗದೆ ಬಿಟ್ಟುಹೋದ ಹಸುಗೂಸುಗಳನ್ನು ಸಾಕುವುದು ಅದರ ಕೆಲಸ. ಕಟ್ಟಡದ ಗೋಡೆಯಲ್ಲಿ ಒಂದು ಗೂಡು ಇತ್ತು. ಅಲ್ಲಿ ಮಗುವನ್ನು ಇಟ್ಟು ಹೋಗುವರು. ಮುಂದೆಂದಾದರೂ ಬಂದು ಕರೆದೊಯ್ಯಬಹುದೆಂಬ ಆಸೆಯಿಂದ ಕೆಲವು ತಾಯಂದಿರು ಒಂದು ಪದಕವನ್ನೋ ನಾಣ್ಯವನ್ನೋ ಎರಡು ತುಂಡು ಮಾಡಿ, ಅರ್ಧ ಮಗುವಿನ ಜೊತೆ ಇಟ್ಟು, ಅರ್ಧ ತಾವು ಇಟ್ಟುಕೊಳ್ಳುತ್ತಿದ್ದರು. ಆ ಅರ್ಧ ತುಂಡುಗಳು ಇಂದಿಗೂ ಪಿಯೆತಾದ ದಾಖಲೆಗಳ ಜೊತೆ ಇವೆ. ಜೋಡಿ ಬಾರದೆ ಹಾಗೆಯೇ ಉಳಿದವು ಅವು. ಇದನ್ನು ಓದಿದ ದಿನ ನಾನು ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ.

ವೆನಿಸ್ಸಿನಲ್ಲಿ ಇಂಥ ಸಂಸ್ಥೆಗಳು ನಾಲ್ಕು ಇದ್ದವು. ನಾಲ್ಕರಲ್ಲೂ ಹೆಣ್ಣುಮಕ್ಕಳಿಗೆ ಸಂಗೀತ ಕಲಿಸುತ್ತಿದ್ದರು. ಚರ್ಚಿನ ಸೇವೆಗೆ ಸಂಗೀತ ಬೇಕು, ಜೊತೆಗೆ ಕೇಳಲು ಬಂದ ಶ್ರೀಮಂತರು ಕೊಡುವ ಕಾಣಿಕೆಯಿಂದ ಸಂಸ್ಥೆ ನಡೆಯಬೇಕು. ಪಿಯೆತಾದಲ್ಲಿ ನೂರಾರು ಮಕ್ಕಳಿದ್ದರೂ ಮೇಳಕ್ಕೆ ಆಯ್ಕೆಯಾಗುತ್ತಿದ್ದವರು ಸುಮಾರು ನಲವತ್ತು. ಪಿಟೀಲು, ಸೆಲ್ಲೊ, ಓಬೊ, ಆರ್ಗನ್ ಎಲ್ಲವನ್ನೂ ನುಡಿಸುವವರು ಹುಡುಗಿಯರೇ, ಹಾಡುವವರೂ ಅವರೇ. ಹೆಣ್ಣುಮಕ್ಕಳು ದೊಡ್ಡ ವಾದ್ಯಗಳನ್ನು ಸಭೆಯಲ್ಲಿ ನುಡಿಸುವುದು ಯೂರೋಪಿನ ಬೇರೆ ಕಡೆ ಕಾಣಸಿಗದ ಕಾಲ ಅದು.

ಮನೆತನದ ಹೆಸರು ಈ ಮಕ್ಕಳಿಗೆ ಇಲ್ಲ. ಸಂಸ್ಥೆ ಇಟ್ಟ ಹೆಸರಿನ ಮುಂದೆ ಅವರವರ ವಾದ್ಯವೋ ಕಂಠವೋ ಸೇರುತ್ತಿತ್ತು. ಓಬೊದ ಪೆಲ್ಲೆಗ್ರೀನಾ, ಪಿಟೀಲಿನ ಅನ್ನಾ ಮರಿಯಾ, ಹೀಗೆ. ನಮ್ಮಲ್ಲಿ ಪಿಟೀಲು ಚೌಡಯ್ಯ, ವೀಣೆ ಶೇಷಣ್ಣ ಎನ್ನುತ್ತೇವಲ್ಲ, ಆ ತರಹ. ನಮ್ಮವರಿಗೆ ಅದು ಬಿರುದು. ಆ ಹುಡುಗಿಯರಿಗೆ ಅದೇ ಹೆಸರು, ಅದೇ ವಿಳಾಸ, ಅದೇ ವಂಶ.

ಹಾಡುವಾಗ ನುಡಿಸುವಾಗ ಅವರು ಮೇಲಂತಸ್ತಿನಲ್ಲಿ ಕಬ್ಬಿಣದ ಜಾಲರಿಯ ಹಿಂದೆ ಇರುತ್ತಿದ್ದರು. ಕೆಳಗೆ ಕುಳಿತವರಿಗೆ ನೆರಳು ಮಾತ್ರ ಕಾಣುವುದು. ದೇಶದೇಶಗಳಿಂದ ಬಂದ ಪ್ರವಾಸಿಗರು ಇದನ್ನು ಕೇಳಲೆಂದೇ ವೆನಿಸ್ಸಿಗೆ ಬರುತ್ತಿದ್ದರು. ಫ್ರಾನ್ಸಿನಿಂದ 1739ರಲ್ಲಿ ಬಂದ ಶಾರ್ಲ್ ದ ಬ್ರೋಸ್ ಎಂಬವರು ಆ ಹುಡುಗಿಯರ ಪಿಟೀಲನ್ನೂ ತಾಳದ ಖಚಿತತೆಯನ್ನೂ ಮನಸಾರೆ ಹೊಗಳಿ ಊರಿಗೆ ಪತ್ರ ಬರೆದರು.

ಆರಕ್ಕೆ ಏಳು ಮತ

ಪಿಯೆತಾದಲ್ಲಿ ಮೇಷ್ಟ್ರ ಕೆಲಸ ಕಾಯಂ ಅಲ್ಲ. ಆಡಳಿತ ಮಂಡಳಿ ವರ್ಷ ವರ್ಷವೂ ಮತ ಹಾಕಿ ಮುಂದುವರಿಸಬೇಕು. 1709ರಲ್ಲಿ ಮತ ಎಣಿಸಿದಾಗ ವಿವಾಲ್ಡಿಯವರ ಪರ 6, ವಿರುದ್ಧ 7. ಕೆಲಸ ಹೋಯಿತು. ಎರಡು ವರ್ಷ ಬಿಟ್ಟು 1711ರಲ್ಲಿ ಅದೇ ಮಂಡಳಿ ಒಮ್ಮತದಿಂದ ವಾಪಸು ಕರೆಯಿತು. 1716ರಲ್ಲಿ ಇಡೀ ವಾದ್ಯವೃಂದದ ಮುಖ್ಯಸ್ಥರನ್ನಾಗಿ ಮಾಡಿತು. ಮುನ್ನೂರು ವರ್ಷದ ಹಿಂದಿನ ಮತದ ಲೆಕ್ಕ ಇವತ್ತು ನಮಗೆ ಗೊತ್ತಿರುವುದು ಯಾರೋ ಒಬ್ಬ ಗುಮಾಸ್ತ ಅದನ್ನು ನಡಾವಳಿ ಪುಸ್ತಕದಲ್ಲಿ ಸರಿಯಾಗಿ ಬರೆದಿಟ್ಟಿದ್ದರಿಂದ. ವೃತ್ತಿಬಾಂಧವರೆಂಬ ಅಭಿಮಾನದಿಂದ ಈ ಮಾತು ಹೇಳುತ್ತಿದ್ದೇನೆ, ಸದಸ್ಯರು ಮನ್ನಿಸಬೇಕು.

1716ರಲ್ಲಿಯೇ ವಿವಾಲ್ಡಿಯವರು ಯೂದಿತಾ ಟ್ರಿಯುಂಫಾನ್ಸ್ ಎಂಬ ದೊಡ್ಡ ಕೃತಿ ಬರೆದರು. ಶತ್ರು ಸೇನಾಪತಿಯ ತಲೆ ಕಡಿದು ತನ್ನ ಊರನ್ನು ಉಳಿಸಿದ ಯೂದಿತಾ ಎಂಬ ವಿಧವೆಯ ಬೈಬಲ್ ಕಥೆ ಅದು. ಆ ವರ್ಷ ಕೊರ್ಫು ದ್ವೀಪದಲ್ಲಿ ವೆನಿಸ್ ತುರ್ಕರ ಮುತ್ತಿಗೆಯನ್ನು ಹಿಮ್ಮೆಟ್ಟಿಸಿತ್ತು, ಅದರ ಸಂಭ್ರಮಕ್ಕೆ ಈ ಕೃತಿ. ಸೇನಾಪತಿಯ ಪಾತ್ರವನ್ನೂ ಸೈನಿಕರ ಪಾತ್ರವನ್ನೂ ಹಾಡಿದವರು ಪಿಯೆತಾದ ಹುಡುಗಿಯರೇ. ವೇಷವಿಲ್ಲ, ರಂಗವಿಲ್ಲ, ಜಾಲರಿಯ ಹಿಂದಿನಿಂದ ಕಂಠ ಮತ್ತು ವಾದ್ಯ ಮಾತ್ರ. ನಮ್ಮ ಕಾಸರಗೋಡು ಕಡೆಯ ತಾಳಮದ್ದಳೆ ಕೇಳಿದವರಿಗೆ ಇದು ವಿಚಿತ್ರವೆನಿಸದು. ವೇಷ ಕಟ್ಟದೆ ಕುಳಿತಲ್ಲೇ ಕೌರವನನ್ನು ಕಣ್ಣೆದುರು ತರುವುದು ನಮಗೆ ಗೊತ್ತು.

ವಾದ್ಯವೃಂದ ನಡೆಯುವ ಬಗೆ

ಸುಮಾರು 1600ರಿಂದ 1750ರವರೆಗಿನ ಯೂರೋಪಿನ ಸಂಗೀತಕ್ಕೆ ಬರೋಕ್ ಎಂಬ ಹೆಸರು. ಆಗಿನವರ ಮುಖ್ಯ ನಂಬಿಕೆ ಒಂದೇ. ಸಂಗೀತ ಕೇಳುವವರ ಮನಸ್ಸನ್ನು ಅಲ್ಲಾಡಿಸಬೇಕು. ಕೋಪ, ದುಃಖ, ಭಯ, ಸಂತೋಷ, ಒಂದೊಂದಕ್ಕೂ ಅದರದೇ ನಡೆ. ನಾವು ರಸ, ಭಾವ ಎಂದು ಹೇಳುವುದಕ್ಕೆ ತುಂಬ ಹತ್ತಿರದ ಮಾತು.

ವಾದ್ಯಗಳೂ ಈಗಿನ ದೊಡ್ಡ ಆರ್ಕೆಸ್ಟ್ರಾದ ವಾದ್ಯಗಳಂತಲ್ಲ. ಪಿಟೀಲಿನ ತಂತಿ ಉಕ್ಕಿನದಲ್ಲ, ಪ್ರಾಣಿಯ ಕರುಳಿನಿಂದ ಹೊಸೆದದ್ದು. ಕಮಾನು ಹಗುರ, ಗಿಡ್ಡ. ದನಿ ಅಷ್ಟು ದೊಡ್ಡದಲ್ಲ, ಆದರೆ ಮಾತಾಡಿದ ಹಾಗೆ ಬಿಡಿಬಿಡಿಯಾಗಿ ಕೇಳುತ್ತದೆ. ಮುಂದಾಳು ಬೇರೆ ಇಲ್ಲ. ಮೊದಲ ಪಿಟೀಲಿನವರೇ ನುಡಿಸುತ್ತ ನಡೆಸುತ್ತಾರೆ, ನಮ್ಮ ಭಾಗವತರು ಜಾಗಟೆ ಹಿಡಿದು ಹಾಡುತ್ತಲೇ ಇಡೀ ಆಟ ನಡೆಸುವ ಹಾಗೆ.

ಪಕ್ಕದಲ್ಲಿ ಹಾರ್ಪ್ಸಿಕಾರ್ಡ್ ಎಂಬ ವಾದ್ಯ ಇರುತ್ತದೆ. ನೋಡಲು ಪಿಯಾನೊ ತರಹ, ಒಳಗೆ ಮಾತ್ರ ತಂತಿಯನ್ನು ಮೀಟುವ ವ್ಯವಸ್ಥೆ. ಅದನ್ನು ನುಡಿಸುವವರ ಮುಂದಿನ ಹಾಳೆಯಲ್ಲಿ ಕೆಳದನಿಯ ಒಂದೇ ಸಾಲು, ಅದರ ಜೊತೆ ಕೆಲವು ಅಂಕಿಗಳು, ಅಷ್ಟೇ ಇರುವುದು. ಉಳಿದದ್ದನ್ನು ಅವರು ಅಲ್ಲಿಯೇ ಹೊಂದಿಸಿ ತುಂಬಬೇಕು. ಪ್ರಸಂಗದ ಪದ್ಯ ಒಂದಿದ್ದರೆ ಅರ್ಥಧಾರಿ ಅದರ ಮೇಲೆ ಮಾತು ಕಟ್ಟುತ್ತಾನಲ್ಲ, ಹಾಗೆ. ಆದ್ದರಿಂದ ಒಂದೇ ಕೃತಿ ಎರಡು ಸಲ ಒಂದೇ ರೀತಿ ಬರುವುದಿಲ್ಲ.

ಒಬ್ಬರು ಮುಂದೆ, ಉಳಿದವರೆಲ್ಲ ಹಿಂದೆ ನಿಂತು ಸವಾಲು ಜವಾಬಿನಂತೆ ಸಾಗುವ ಕೃತಿಗೆ ಕನ್ಸರ್ಟೊ ಎಂದು ಹೆಸರು. ವಿವಾಲ್ಡಿಯವರ ಮುಖ್ಯ ಕೊಡುಗೆ ಇದೇ. ಇಡೀ ಮೇಳ ಒಂದು ಪಲ್ಲವಿ ಹಿಡಿಯುತ್ತದೆ. ಒಂಟಿ ಪಿಟೀಲು ಅದರಿಂದ ಬಿಡಿಸಿಕೊಂಡು ಎಲ್ಲೆಲ್ಲೋ ಹೋಗುತ್ತದೆ. ಮೇಳ ಮತ್ತೆ ಪಲ್ಲವಿಗೆ ಎಳೆದು ತರುತ್ತದೆ. ವೇಗ, ನಿಧಾನ, ಮತ್ತೆ ವೇಗ ಎಂದು ಮೂರು ಭಾಗ. ಈ ಕಟ್ಟು ಯೂರೋಪಿಗೆಲ್ಲ ಮಾದರಿಯಾಯಿತು. 1711ರಲ್ಲಿ ಆಮ್‌ಸ್ಟರ್‌ಡಾಮಿನಲ್ಲಿ ಅಚ್ಚಾದ ಅವರ 12 ಕನ್ಸರ್ಟೊಗಳ ಪುಸ್ತಕ ಜರ್ಮನಿಗೂ ಹೋಯಿತು. ಅಲ್ಲಿ ಬಾಖ್ ಎಂಬ ಯುವಕರು ಅವುಗಳಲ್ಲಿ ಹಲವನ್ನು ಆರ್ಗನ್ನಿಗೆ, ಹಾರ್ಪ್ಸಿಕಾರ್ಡಿಗೆ ಒಗ್ಗಿಸಿಕೊಂಡು ಕಲಿತರು. ಮುಂದೆ ಯೂರೋಪಿನ ಮಹಾ ಸಂಗೀತಗಾರರೆಂದು ಹೆಸರಾದ ಯೊಹಾನ್ ಸೆಬಾಸ್ಟಿಯನ್ ಬಾಖ್ ಇವರೇ.

ಈ ಕನ್ಸರ್ಟೊಗಳಲ್ಲಿ ಸುಮಾರು ಐನೂರು ಇಂದು ಲೆಕ್ಕಕ್ಕೆ ಸಿಕ್ಕಿವೆ. ಅರ್ಧದಷ್ಟು ಪಿಟೀಲಿಗೆ. ಉಳಿದವು ಸೆಲ್ಲೊ, ಓಬೊ, ಕೊಳಲು, ಬಸೂನ್, ಮ್ಯಾಂಡೊಲಿನ್ ಹೀಗೆ ಎಲ್ಲಕ್ಕೂ. ನುಡಿಸುವ ಹುಡುಗಿ ಇದ್ದಳು, ಅವಳಿಗೆ ತಕ್ಕಂತೆ ಬರೆದರು. 1723ರಲ್ಲಿ ಪಿಯೆತಾ ಮಾಡಿದ ಠರಾವಿನ ಪ್ರಕಾರ ಅವರು ತಿಂಗಳಿಗೆ ಎರಡು ಕನ್ಸರ್ಟೊ ಕೊಡಬೇಕು, ಒಂದೊಂದಕ್ಕೆ ಒಂದು ಚಿನ್ನದ ನಾಣ್ಯ. ಮುಂದಿನ ವರ್ಷಗಳಲ್ಲಿ ಹೀಗೆ 140 ಕನ್ಸರ್ಟೊಗಳಿಗೆ ಹಣ ಸಂದ ಲೆಕ್ಕ ಸಂಸ್ಥೆಯ ಪುಸ್ತಕದಲ್ಲಿದೆ.

ಪಿಟೀಲಿನ ಅನ್ನಾ ಮರಿಯಾ

ಆ ಮೇಳದ ದೊಡ್ಡ ಹೆಸರು ಅನ್ನಾ ಮರಿಯಾ. ಸುಮಾರು 1696ರಲ್ಲಿ ಕೂಸಾಗಿ ಪಿಯೆತಾಕ್ಕೆ ಬಂದವರು. ವಿವಾಲ್ಡಿಯವರ ಕೈಯಲ್ಲಿ ಪಳಗಿ ಯೂರೋಪಿನ ಒಳ್ಳೆಯ ಪಿಟೀಲುಗಾರರಲ್ಲಿ ಒಬ್ಬರೆನಿಸಿದರು. ಅವರಿಗೆಂದೇ ಮೇಷ್ಟ್ರು ಹಲವಾರು ಕನ್ಸರ್ಟೊ ಬರೆದರು. ಮುಂದೆ ಅವರೇ ಚಿಕ್ಕವರಿಗೆ ಕಲಿಸುವ ಗುರುವಾದರು. ಬದುಕೆಲ್ಲ ಆ ಗೋಡೆಗಳ ಒಳಗೇ ಕಳೆದು 1782ರಲ್ಲಿ, ಎಂಬತ್ತು ದಾಟಿದ ವಯಸ್ಸಿನಲ್ಲಿ, ಅಲ್ಲಿಯೇ ತೀರಿಕೊಂಡರು.

ಅವರ ಹೆಸರನ್ನು ಹೊದಿಕೆಯ ಮೇಲೆ ಒತ್ತಿದ ಒಂದು ಪುಸ್ತಕ ವೆನಿಸ್ಸಿನ ಸಂಗೀತ ಶಾಲೆಯ ಗ್ರಂಥಾಲಯದಲ್ಲಿ ಉಳಿದಿದೆ. ಅವರು ನುಡಿಸುತ್ತಿದ್ದ ಕನ್ಸರ್ಟೊಗಳ ಪಿಟೀಲಿನ ಭಾಗ ಮಾತ್ರ ಅದರಲ್ಲಿರುವುದು. ಅವುಗಳಲ್ಲಿ ಕೆಲವಕ್ಕೆ ಮೇಳದ ಉಳಿದ ಭಾಗಗಳು ಎಲ್ಲೂ ಸಿಕ್ಕಿಲ್ಲ. ಮತ್ತೆ ಆ ಅರ್ಧ ನಾಣ್ಯದ ಕಥೆಯೇ.

ನಾಲ್ಕು ಋತುಗಳು

ನಮ್ಮ ಸಭೆಯಲ್ಲಿ ಕೇಳಿದ್ದು ನಾಲ್ಕು ಋತುಗಳು ಎಂಬ ನಾಲ್ಕು ಪಿಟೀಲು ಕನ್ಸರ್ಟೊಗಳ ಪೈಕಿ ಬೇಸಗೆಯ ಕೊನೆಯ ಭಾಗ. ಇವು 1725ರಲ್ಲಿ ಅಚ್ಚಾದವು. ಒಂದೊಂದಕ್ಕೂ ಹದಿನಾಲ್ಕು ಸಾಲಿನ ಒಂದು ಪದ್ಯ ಇದೆ. ಯಾವ ಸಾಲು ಯಾವ ಸ್ವರಕ್ಕೆ ಎಂಬುದನ್ನು ಪುಸ್ತಕದಲ್ಲಿ ಅಲ್ಲಲ್ಲೇ ಗುರುತು ಮಾಡಿದ್ದಾರೆ.

ವಸಂತದಲ್ಲಿ ಪಿಟೀಲುಗಳು ಹಕ್ಕಿಗಳಾಗುತ್ತವೆ. ಎರಡನೆಯ ಭಾಗದಲ್ಲಿ ಆಡು ಕಾಯುವವನು ಮಲಗಿದ್ದಾನೆ, ವಯೋಲಾ ಎಂಬ ದಪ್ಪ ದನಿಯ ಪಿಟೀಲು ಒಂದೇ ಸಮನೆ ನಾಯಿಯಂತೆ ಬೊಗಳುತ್ತದೆ. ಬೇಸಗೆಯಲ್ಲಿ ಬಿಸಿಲಿಗೆ ಎಲ್ಲವೂ ಸೊರಗಿ, ನೊಣಗಳು ಗುಂಯ್‌ಗುಟ್ಟಿ, ಕೊನೆಗೆ ಆಲಿಕಲ್ಲು ಮಳೆ ಬಂದು ಪೈರು ಹಾಳಾಗುತ್ತದೆ. ಶರತ್ಕಾಲದಲ್ಲಿ ಸುಗ್ಗಿಯ ಕುಣಿತ, ಕುಡಿದು ಮಲಗಿದವರ ನಿದ್ದೆ, ಬೇಟೆ. ಚಳಿಗಾಲದಲ್ಲಿ ಹಲ್ಲು ಕಟಕಟನೆ ಕಡಿಯುವುದು, ಹಿಮದ ಮೇಲೆ ಕಾಲು ಜಾರುವುದು, ಒಳಗೆ ಬೆಂಕಿಯ ಪಕ್ಕ ಕೂತು ಹೊರಗಿನ ಮಳೆಹನಿ ಕೇಳುವುದು.

ಸೊಲ್ಲಾಪುರ, ಆದವಾನಿ, ರಾಯದುರ್ಗದ ಸದಸ್ಯರು ಬೇಸಗೆಯ ಭಾಗವನ್ನು ಒಮ್ಮೆ ಕೇಳಬೇಕು. ಧೂಳೆಬ್ಬಿಸಿ ಬರುವ ಅಡ್ಡಮಳೆ ಅವರಿಗೆ ಯಾರೂ ವಿವರಿಸಬೇಕಾಗಿಲ್ಲ. ನೀಲಗಿರಿಯವರು ಚಳಿಗಾಲದ ಭಾಗ ಕೇಳಲಿ.

ಕೊನೆಯ ದಿನಗಳು

ಪಿಯೆತಾದ ಕೆಲಸದ ಜೊತೆ ವಿವಾಲ್ಡಿಯವರು ಸಂಗೀತ ನಾಟಕ, ಅಂದರೆ ಒಪೆರಾ, ಬರೆದರು, ಆಡಿಸಿದರು, ಅದರ ಲಾಭ ನಷ್ಟವನ್ನೂ ಹೊತ್ತರು. ಮೊದಲನೆಯದು 1713ರಲ್ಲಿ ವಿಚೆಂಜಾ ಊರಿನಲ್ಲಿ. ಹೆಸರು ತಿಳಿದಿರುವವೇ ಐವತ್ತರ ಹತ್ತಿರ ಇವೆ. ಎರಡು ಮೂರು ವರ್ಷ ಮಾಂಟುವಾದಲ್ಲಿದ್ದರು. 1728ರಲ್ಲಿ ಚಕ್ರವರ್ತಿ ಆರನೆಯ ಚಾರ್ಲ್ಸರನ್ನು ಕಂಡು ಸನ್ಮಾನ ಪಡೆದರು.

ಅವರ ಒಪೆರಾಗಳಲ್ಲಿ ಹಾಡುತ್ತಿದ್ದ ಅನ್ನಾ ಜಿರೊ ಎಂಬ ಗಾಯಕಿ ಮತ್ತು ಅವರ ಅಕ್ಕ ಪ್ರವಾಸದಲ್ಲೂ ಜೊತೆಗಿರುತ್ತಿದ್ದರು. ಊರವರ ಬಾಯಿಗೆ ಅಷ್ಟು ಸಾಕಾಯಿತು. ತಪ್ಪು ಸಂಬಂಧವಲ್ಲ ಎಂದು ವಿವಾಲ್ಡಿಯವರು ಕೊನೆಯವರೆಗೂ ಹೇಳಿದರು. 1737ರಲ್ಲಿ ಫೆರಾರಾ ಊರಿನ ಕಾರ್ಡಿನಲ್ ರುಫೊ, ಪೂಜೆ ಮಾಡದ, ಗಾಯಕಿಯೊಡನೆ ತಿರುಗುವ ಪಾದ್ರಿ ನಮ್ಮೂರಿಗೆ ಬರಕೂಡದು ಎಂದು ತಡೆದರು. ಅಲ್ಲಿ ಒಪೆರಾ ಆಡಿಸಲು ಆಗಲೇ ಕರಾರುಗಳಾಗಿದ್ದವು. ದೊಡ್ಡ ನಷ್ಟವಾಯಿತು.

ಅಷ್ಟರಲ್ಲಿ ವೆನಿಸ್ಸಿನ ರುಚಿಯೂ ಬದಲಾಗಿತ್ತು. ನೇಪಲ್ಸಿನ ಹೊಸ ಶೈಲಿಗೆ ಜನ ಮುಗಿಬಿದ್ದರು. ಹಿಂದೆ ಹೇಳಿದ ದ ಬ್ರೋಸ್ ಅವರಿಗೆ, ಇಷ್ಟು ದೊಡ್ಡ ಸಂಗೀತಗಾರರಿಗೆ ಸ್ವಂತ ಊರಿನಲ್ಲೇ ಬೆಲೆಯಿಲ್ಲವಲ್ಲ ಎಂದು ಆಶ್ಚರ್ಯವಾಯಿತು. 1740ರಲ್ಲಿ ವಿವಾಲ್ಡಿಯವರು ತಮ್ಮ ಒಂದಷ್ಟು ಕನ್ಸರ್ಟೊಗಳನ್ನು ಪಿಯೆತಾಕ್ಕೇ ಮಾರಿ ವಿಯೆನ್ನಾದ ಕಡೆ ಹೊರಟರು. ಚಕ್ರವರ್ತಿಯ ಆಶ್ರಯ ಸಿಗಬಹುದೆಂಬ ಆಸೆ ಇದ್ದಿರಬೇಕು. ಅದೇ ಅಕ್ಟೋಬರಿನಲ್ಲಿ ಚಕ್ರವರ್ತಿ ತೀರಿಕೊಂಡರು. ಉತ್ತರಾಧಿಕಾರಕ್ಕಾಗಿ ಯುದ್ಧ ಹತ್ತಿತು. ಸಂಗೀತ ಕೇಳುವವರು ಯಾರು?

1741ರ ಜುಲೈ 28ರಂದು, ಕುದುರೆ ಜೀನು ಮಾಡುವವನೊಬ್ಬನ ವಿಧವೆಯ ಮನೆಯಲ್ಲಿ ಬಾಡಿಗೆಗಿದ್ದಾಗ, ವಿವಾಲ್ಡಿಯವರು ತೀರಿಕೊಂಡರು. ವಯಸ್ಸು 63. ಅಂದೇ ಆಸ್ಪತ್ರೆಯ ಸ್ಮಶಾನದಲ್ಲಿ ಮಣ್ಣು ಮಾಡಿದರು. ಖರ್ಚು 19 ಫ್ಲೋರಿನ್ 45 ಕ್ರಾಯ್‌ಟ್ಸರ್ ಎಂದು ಚರ್ಚಿನ ಲೆಕ್ಕದಲ್ಲಿದೆ. ಆ ಸ್ಮಶಾನ ಈಗಿಲ್ಲ.

ಇನ್ನೂರು ವರ್ಷದ ಮೌನ

ಆಮೇಲೆ ಮರೆವು. 1797ರಲ್ಲಿ ನೆಪೋಲಿಯನ್ನನ ಕೈಯಲ್ಲಿ ವೆನಿಸ್ ಗಣರಾಜ್ಯವೇ ಮುಗಿಯಿತು. ಪಿಯೆತಾದ ಸಂಗೀತವೂ ನಿಂತಿತು. ಹತ್ತೊಂಬತ್ತನೆಯ ಶತಮಾನದ ಪಂಡಿತರಿಗೆ ವಿವಾಲ್ಡಿ ಎಂದರೆ ಬಾಖ್ ಯಾರಿಂದ ಕೆಲವು ಕೃತಿ ತೆಗೆದುಕೊಂಡರೋ ಆ ಯಾರೋ ಒಬ್ಬ ಇಟಲಿಯವನು, ಅಷ್ಟೇ.

1926ರಲ್ಲಿ ಉತ್ತರ ಇಟಲಿಯ ಬೊರ್ಗೊ ಸಾನ್ ಮಾರ್ಟಿನೊ ಎಂಬಲ್ಲಿ ಸಲೇಸಿಯನ್ ಪಾದ್ರಿಗಳ ಶಾಲೆಯೊಂದು ಕಟ್ಟಡ ರಿಪೇರಿಗೆ ಹಣವಿಲ್ಲದೆ ತನ್ನಲ್ಲಿದ್ದ ಹಳೆಯ ಪುಸ್ತಕಗಳನ್ನು ಮಾರಲು ನಿರ್ಧರಿಸಿತು. ಬೆಲೆ ಕಟ್ಟಿಕೊಡಿ ಎಂದು ಟ್ಯೂರಿನ್ ಗ್ರಂಥಾಲಯಕ್ಕೆ ಕಳಿಸಿತು. ಗ್ರಂಥಾಲಯದ ಲುಯಿಜಿ ಟೊರಿ ಅವರು ಅದನ್ನು ಸಂಗೀತ ಪ್ರಾಧ್ಯಾಪಕ ಆಲ್ಬರ್ಟೊ ಜೆಂಟಿಲಿ ಅವರಿಗೆ ತೋರಿಸಿದರು. ಪೆಟ್ಟಿಗೆ ಬಿಚ್ಚಿದರೆ 14 ಸಂಪುಟ ವಿವಾಲ್ಡಿ, ಬಹುಪಾಲು ಸ್ವಂತ ಕೈಬರಹದಲ್ಲಿ.

ಕೊಳ್ಳಲು ಸರ್ಕಾರಿ ಗ್ರಂಥಾಲಯದಲ್ಲಿ ಹಣ ಇರಲಿಲ್ಲ. ಷೇರು ದಲ್ಲಾಳಿ ರೊಬೆರ್ಟೊ ಫೊಆ ಎಂಬವರು ಮುಂದೆ ಬಂದರು. ಅವರ ಪುಟ್ಟ ಮಗ ಮೌರೊ ತೀರಿಕೊಂಡಿದ್ದ. ಮಗನ ಹೆಸರಿನಲ್ಲಿ 1927ರಲ್ಲಿ ಸಂಗ್ರಹವನ್ನು ಕೊಂಡು ಗ್ರಂಥಾಲಯಕ್ಕೆ ಕೊಟ್ಟರು.

ಸಂಪುಟಗಳ ಸಂಖ್ಯೆ ಸರಿಯಾಗಿ ಕೂಡದಿರುವುದನ್ನು ಜೆಂಟಿಲಿ ಗಮನಿಸಿದರು. ಇದು ಅರ್ಧ ಮಾತ್ರ, ಇನ್ನರ್ಧ ಎಲ್ಲೋ ಇದೆ ಎಂದು ಊಹಿಸಿದರು. ಹುಡುಕಿಸಿದಾಗ ಅದು ಜಿನೋವಾದ ದುರಾಜೊ ಮನೆತನದ ಹಿರಿಯರೊಬ್ಬರ ಬಳಿ ಸಿಕ್ಕಿತು. ಪಾಲಾಗುವಾಗ ಒಂದೇ ಸಂಗ್ರಹ ಎರಡು ಮನೆಗೆ ಹರಿದುಹೋಗಿತ್ತು. ಒಪ್ಪಿಸಲು ವರ್ಷಗಳೇ ಹಿಡಿದವು. 1930ರಲ್ಲಿ ಬಟ್ಟೆ ಗಿರಣಿಯ ಫಿಲಿಪ್ಪೊ ಜಿಯೊರ್ಡಾನೊ ಅದನ್ನು ಕೊಂಡುಕೊಟ್ಟರು. ಅವರೂ ಪುಟ್ಟ ಮಗ ರೆಂಜೊನನ್ನು ಕಳೆದುಕೊಂಡವರು. ಇಂದಿಗೂ ಟ್ಯೂರಿನ್ನಿನಲ್ಲಿ ಆ 27 ಸಂಪುಟಗಳು, ಸುಮಾರು 450 ಕೃತಿಗಳು, ಮೌರೊ ಫೊಆ ಮತ್ತು ರೆಂಜೊ ಜಿಯೊರ್ಡಾನೊ ಎಂಬ ಆ ಎರಡು ಮಕ್ಕಳ ಹೆಸರಿನಲ್ಲೇ ಇವೆ. ತಂದೆತಾಯಿ ಬಿಟ್ಟುಹೋದ ಮಕ್ಕಳಿಗೆಂದು ಬರೆದ ಸಂಗೀತ, ಮಕ್ಕಳು ಬಿಟ್ಟುಹೋದ ತಂದೆಯರಿಂದ ಮರಳಿ ಬಂತು.

ಇಷ್ಟೆಲ್ಲ ಮಾಡಿದ ಜೆಂಟಿಲಿ ಯೆಹೂದಿ. 1938ರ ಜನಾಂಗೀಯ ಕಾನೂನುಗಳಿಂದ ಅವರ ಅಧ್ಯಾಪಕ ಕೆಲಸವೇ ಹೋಯಿತು. ಮರುವರ್ಷ ಸಿಯೆನಾದಲ್ಲಿ ವಿವಾಲ್ಡಿ ಸಪ್ತಾಹ ನಡೆದು ಕೃತಿಗಳು ಮತ್ತೆ ಜನರ ಕಿವಿಗೆ ಬಿದ್ದವು. ಯುದ್ಧ ಮುಗಿದ ಮೇಲೆ ಗ್ರಾಮಫೋನ್ ತಟ್ಟೆಗಳಲ್ಲಿ ನಾಲ್ಕು ಋತುಗಳು ಲೋಕವೆಲ್ಲ ಸುತ್ತಿದವು. ಇತ್ತೀಚಿನ ದಶಕಗಳಲ್ಲಿ ಮಿಲಾನಿನ ಇಲ್ ಜಿಯಾರ್ಡಿನೊ ಆರ್ಮೊನಿಕೊ, ವೆನಿಸ್ ಬರೋಕ್ ಆರ್ಕೆಸ್ಟ್ರಾ ಮುಂತಾದ ಮೇಳಗಳು ಕರುಳಿನ ತಂತಿ, ಹಳೆಯ ಕಮಾನು ಹಿಡಿದು, ಆ ಕಾಲದ ಆವೇಶವನ್ನು ವಾಪಸು ತಂದವು. ಟ್ಯೂರಿನ್ನಿನ ಹಸ್ತಪ್ರತಿಗಳನ್ನು ಒಂದೊಂದಾಗಿ ಧ್ವನಿಮುದ್ರಿಸುವ ಕೆಲಸ 2000ನೆಯ ಇಸವಿಯಿಂದ ನಡೆದಿದೆ. ನಮ್ಮ ಸಭೆಯಲ್ಲಿ ಚಹಾ ಲೋಟ ಹಿಡಿದು ನಿಂತವರು ಕೇಳಿದ್ದು ಈ ದಾರಿಯಾಗಿ ಬಂದ ಸಂಗೀತ.

ನಮ್ಮ ಅಟ್ಟದ ವಿಷಯ

ಕೊನೆಗೆ ನನ್ನದೊಂದು ತಪ್ಪೊಪ್ಪಿಗೆ. ನಮ್ಮ ಸೋದರಮಾವ ತಾಳಮದ್ದಳೆಯಲ್ಲಿ ಅರ್ಥ ಹೇಳುತ್ತಿದ್ದರು. ಪ್ರಸಂಗದ ಪದ್ಯಗಳನ್ನು ಕೈಯಲ್ಲೇ ಬರೆದುಕೊಂಡ, ಅಂಚಿನಲ್ಲಿ ಗುರುತು ಹಾಕಿದ ಪುಸ್ತಕಗಳು ಒಂದು ಟ್ರಂಕಿನ ತುಂಬ ಇದ್ದವು. ಹಳೆಯ ಮನೆ ಕೆಡವುವಾಗ ಗೆದ್ದಲು ಹಿಡಿದಿದೆ ಎಂದು ನಾನೇ ಆ ಟ್ರಂಕನ್ನು ಗುಜರಿಯವನಿಗೆ ತೂಕಕ್ಕೆ ಹಾಕಿದೆ. ಕಚೇರಿಯಲ್ಲಿ ಒಂದು ರಸೀದಿ ಕಳೆಯದೆ ನಿವೃತ್ತನಾದವನು ಮನೆಯಲ್ಲಿ ಹೀಗೆ ಮಾಡಿದೆ. ಮಾವ ಆಗ ಬದುಕಿದ್ದರು. ಏನೂ ಅನ್ನಲಿಲ್ಲ.

ನಾವು ಗಡಿಯಾಚೆ ಉಳಿದವರು. ನಮ್ಮ ಹಿರಿಯರು ಬರೆದಿಟ್ಟದ್ದಕ್ಕೆ ಈ ಕಡೆಯ ರಾಜ್ಯದ ಗ್ರಂಥಾಲಯವೂ ಹೊಣೆಯಲ್ಲ, ಆ ಕಡೆಯದೂ ಹೊಣೆಯಲ್ಲ. ಕಾಸರಗೋಡಿನ ಪ್ರಸಂಗ ಪುಸ್ತಕ, ಅಕ್ಕಲಕೋಟೆ, ಜತ್ತ ಕಡೆಯ ಭಜನೆ ವಹಿ, ಮಡಕಶಿರಾದ ಬಯಲಾಟದ ಕೈಬರಹ, ತಾಳವಾಡಿಯ ಅಜ್ಜಿಯರ ಹಾಡು ಬರೆದ ಶಾಲಾ ಪುಸ್ತಕ, ಹೊಸೂರಿನ ಹಳೆಯ ಕನ್ನಡ ಶಾಲೆಯ ಹಾಜರಿ ಪಟ್ಟಿ, ಏನಾದರೂ ಇರಬಹುದು. ಅದರಲ್ಲಿ ಎಲ್ಲವೂ ವಿವಾಲ್ಡಿ ಆಗಿರಬೇಕಿಲ್ಲ. ಯಾವುದು ಏನೆಂದು ಬಿಚ್ಚಿ ನೋಡುವವರೆಗೆ ಗೊತ್ತಾಗುವುದಿಲ್ಲ.

ಆದ್ದರಿಂದ ಮುಂದಿನ ಮಾಸಿಕ ಸಭೆಗೆ ಬರುವಾಗ ಮನೆಯ ಅಟ್ಟದಲ್ಲಿ, ಪೆಟ್ಟಿಗೆಯಲ್ಲಿ ಇರುವ ಹಳೆಯ ಕನ್ನಡ ಕೈಬರಹವನ್ನು ಜೊತೆಗೆ ತರಬೇಕಾಗಿ ಕೋರಿಕೆ. ಮೂಲ ಪ್ರತಿ ನಿಮ್ಮ ಬಳಿಯೇ ಇರಲಿ. ನಮ್ಮ ಯುವ ಸದಸ್ಯರು ಅಲ್ಲಿಯೇ ಫೋಟೊ ತೆಗೆದುಕೊಂಡು, ಯಾರದು, ಯಾವ ಊರಿನದು ಎಂದು ಪಟ್ಟಿ ಮಾಡುತ್ತಾರೆ. ದೂರದ ಊರಿನವರು ಆಯಾ ಶಾಖೆಯ ಪ್ರತಿನಿಧಿಗಳಿಗೆ ತೋರಿಸಬಹುದು. ಅರ್ಧ ಹರಿದದ್ದಾದರೂ ಬೇಡವೆನ್ನಬೇಡಿ, ಇನ್ನರ್ಧ ಬೇರೆ ಊರಿನ ಸದಸ್ಯರ ಮನೆಯಲ್ಲಿರಬಹುದು. ಸಭೆಯ ನಂತರ ಚಳಿಗಾಲದ ಕನ್ಸರ್ಟೊ ಕೇಳಿಸುವ ವ್ಯವಸ್ಥೆ ಇದೆ. ಚಹಾ, ಅವಲಕ್ಕಿ ಎಂದಿನಂತೆ.

ಇಂತಿ,
ಕಾರ್ಯದರ್ಶಿ